ಶುವೈಖ್ ಗೋದಾಮಿನ ವಕಾಲತ್ತು

ನಮ್ಮ ಸೀನಿಯರ್‌ಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತು ಶುರುಮಾಡಿದರೆ ಅವರು ಕುತ್ತಿಗೆ ಹೊರಳಿಸಿ, ಎಡಗಿವಿಯನ್ನು ಮುಂದೆ ಮಾಡಿ, ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಅಂಚಿನಲ್ಲಿ ಬಿಳಿಗೂದಲು ಮೂಡಿದ ಅಗಲವಾದ ಕಿವಿ ಅದು. ಹೊಸಬರಿಗೆ ಇವರಿಗೆ ನಿದ್ದೆ ಬಂದಿರಬೇಕು ಅನ್ನಿಸುತ್ತಿತ್ತು. ನನಗೂ ಹಾಗೇ ಅನ್ನಿಸಿತು. ನನ್ನ ಪದವಿ, ಅಂಕಗಳು, ಕಾಲೇಜಿನಲ್ಲಿ ಗೆದ್ದ ವಾದಸ್ಪರ್ಧೆ ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಅವರು ಕಣ್ಣು ತೆರೆಯಲಿಲ್ಲ.

ಅದು ೧೯೯೦ರ ಬೇಸಿಗೆ. ಮೈಸೂರಿನಲ್ಲಿ ಕಾನೂನು ಓದು ಮುಗಿಸಿ ನಾನು ಕುವೈತಿಗೆ, ಹವಲ್ಲಿಯಲ್ಲಿದ್ದ ಅಪ್ಪ ಅಮ್ಮನ ಬಳಿಗೆ ಬಂದಿದ್ದೆ. ಅಪ್ಪ ಬ್ಯಾಂಕಿನಲ್ಲಿದ್ದರು. ನಗರದ ಒಂದು ವಕೀಲರ ಚೇಂಬರಿನಲ್ಲಿ ಟ್ರೈನಿ ಬೇಕಾಗಿದ್ದಾರೆಂದು ಅವರ ಸ್ನೇಹಿತರೊಬ್ಬರು ಹೇಳಿದ್ದರಿಂದ ಅರ್ಜಿ ಹಿಡಿದು ಹೋಗಿದ್ದೆ. ಚೇಂಬರ್ ಕುವೈತಿ ವಕೀಲರೊಬ್ಬರದು. ಇಂಗ್ಲಿಷ್ ಕರಾರುಗಳ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ನಮ್ಮ ಸೀನಿಯರ್. ಮಂಗಳೂರಿನ ಬ್ಯಾರಿ ಸಮುದಾಯದವರು, ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದವರು. ಅವರೇ ತಮಾಷೆಗೆ ಹೇಳುತ್ತಿದ್ದರು: "ನಾನು ಹುಟ್ಟಿದ್ದೇ ಬ್ಯಾರಿ. 'ಸ್ಟರ್' ಮಾತ್ರ ಲಂಡನ್ನಿನದ್ದು."

ನಗುವಿನ ಹಿಂದೆ ಒಂದು ಕೊರತೆಯಿತ್ತು. ಅಲ್ಲಿನ ಕೋರ್ಟಿನಲ್ಲಿ ಹೊರದೇಶದವರು ವಾದ ಮಾಡುವಂತಿರಲಿಲ್ಲ. ಇಪ್ಪತ್ತು ವರ್ಷ ಅವರು ಹಿಂದಿನ ಕೋಣೆಯಲ್ಲಿ ಕೂತು ಬರೆದುಕೊಟ್ಟರು, ಬೇರೆಯವರು ಕೋರ್ಟಿನಲ್ಲಿ ನಿಂತು ಮಾತಾಡಿದರು.

ಅವರು ನನ್ನ ಸರ್ಟಿಫಿಕೇಟುಗಳನ್ನು ಮುಟ್ಟಲಿಲ್ಲ. ನಿಮ್ಮ ಬಿಲ್ಡಿಂಗಿನಲ್ಲಿ ಈಚೆಗೆ ಆದ ಒಂದು ಜಗಳ ಹೇಳಿ ಎಂದರು. ಮೇಲಿನ ಮನೆಯ ಏಸಿಯ ನೀರು ನಮ್ಮ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕುವುದನ್ನೂ, ಅಮ್ಮ ಕೂಗಾಡಿದ್ದನ್ನೂ ಸೊಗಸಾಗಿಯೇ ಬಣ್ಣಿಸಿದೆ. ಸರಿ, ಈಗ ಮೇಲಿನ ಮನೆಯವರ ಪರ ವಾದ ಮಾಡಿ ಎಂದರು. ನಾನು ನಕ್ಕು, ಅವರಿಗೆ ಹೇಳಿಕೊಳ್ಳಲು ಏನೂ ಇಲ್ಲ ಎಂದೆ.

"ಏನೂ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು? ಅವರನ್ನು ಕೇಳಿದ್ದೀರಾ?"

ಕೇಳಿರಲಿಲ್ಲ. ಕೇಳಿಕೊಂಡು ಬನ್ನಿ ಎಂದು ಕಳಿಸಿಬಿಟ್ಟರು.

ಅವಮಾನವಾಯಿತೆಂದು ಮನೆಗೆ ಬಂದು ಹೇಳಿದೆ. ಬೇರೆ ಕೆಲಸ ನೋಡೋಣ ಬಿಡು ಎಂದರು ಅಪ್ಪ. ಆದರೂ ಮರುದಿನ ಮೇಲಿನ ಮನೆಗೆ ಮೆಟ್ಟಿಲು ಹತ್ತಿದೆ. ಅಲ್ಲಿದ್ದವರು ಒಬ್ಬ ಪ್ಯಾಲೆಸ್ಟೀನಿ ಟೀಚರ್. ಏಸಿಯಿದ್ದ ಆ ಕೋಣೆಯಲ್ಲಿ ಅವರ ತಂದೆ ಹಾಸಿಗೆ ಹಿಡಿದು ಮಲಗಿದ್ದರು. ಏಸಿ ಆರಿಸಿದರೆ ಮುದುಕರಿಗೆ ಉಸಿರು ಕಟ್ಟುತ್ತಿತ್ತು. ಒಡೆದ ಪೈಪಿನ ಬಗ್ಗೆ ಕಟ್ಟಡದ ಕಾವಲುಗಾರನಿಗೆ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಅಮ್ಮನ ಕೂಗು ಕೇಳಿದಾಗಲೆಲ್ಲ ಆ ಟೀಚರ್ ಬಾಗಿಲ ಹಿಂದೆ ನಿಂತು ನಾಚಿಕೆಯಿಂದ ಕುಗ್ಗುತ್ತಿದ್ದರಂತೆ. ಇದನ್ನೆಲ್ಲ ಹೋಗಿ ಸೀನಿಯರ್‌ಗೆ ಹೇಳಿದೆ. ಈ ಸಲವೂ ಕಣ್ಣು ಮುಚ್ಚಿಯೇ ಕೇಳಿದರು. ಆಮೇಲೆ ಸೆಪ್ಟೆಂಬರಿನಿಂದ ಬನ್ನಿ ಎಂದರು. ಅವರು ಎಲ್ಲರಿಗೂ ಬಹುವಚನವನ್ನೇ ಬಳಸುತ್ತಿದ್ದರು. ಚಹಾ ತರುವವರಿಗೂ ಅಷ್ಟೇ, ನನಗೂ ಅಷ್ಟೇ.

ಆ ಸೆಪ್ಟೆಂಬರ್ ಬರುವ ಮುಂಚೆ ಇರಾಕಿನ ಸೈನ್ಯ ಬಂತು. ಬ್ಯಾಂಕ್ ಮುಚ್ಚಿತು, ಚೇಂಬರಿಗೂ ಬೀಗ ಬಿತ್ತು. ಅದರ ಯಜಮಾನರು ರಜೆಗೆಂದು ಮೊದಲೇ ಹೊರದೇಶಕ್ಕೆ ಹೋಗಿದ್ದರು. ಆಗಸ್ಟಿನ ಕೊನೆಯ ಹೊತ್ತಿಗೆ ನಮ್ಮವರೆಲ್ಲ ಬಸ್ಸು ಹಿಡಿದು ಬಾಗ್ದಾದಿನ ಮೇಲೆ ಜೋರ್ಡನ್ನಿನ ಅಮ್ಮಾನ್ ಸೇರುವ ದಾರಿ ಹುಡುಕುತ್ತಿದ್ದರು. ಆಗ ರೊಟ್ಟಿಯ ಕ್ಯೂನಲ್ಲಿ ಸೀನಿಯರ್ ಸಿಕ್ಕಿದರು. ಗಡ್ಡ ಬೆಳೆದಿತ್ತು. ಇಸ್ತ್ರಿ ಮಾಡಿದ ಅಂಗಿ ಮಾತ್ರ ತಪ್ಪಿರಲಿಲ್ಲ.

"ಕೆಲಸ ಒಂದು ಬಂದಿದೆ. ನಾಳೆ ಬರ್ಲಿಕ್ಕೆ ಆಗ್ತದಾ? ತಂದೆಯವರನ್ನೂ ಕರ್ಕೊಂಡು ಬನ್ನಿ, ಒಬ್ರೇ ಬೇಡ."

ಅಪ್ಪ ಒಪ್ಪಿದ್ದು ಹೇಗೆಂದು ಇವತ್ತಿಗೂ ನನಗೆ ಆಶ್ಚರ್ಯ. ಅವರೇ ಕಾರು ಓಡಿಸಿದರು. ಚೆಕ್‌ಪೋಸ್ಟಿನಲ್ಲಿ ಬಂದೂಕಿನವನು ಒಳಗೆ ಬಗ್ಗಿ ನೋಡಿದಾಗ ಅಪ್ಪ ಕೇಳುವ ಮೊದಲೇ ಬ್ಯಾಂಕಿನ ಗುರುತುಚೀಟಿ ತೆಗೆದು ತೋರಿಸಿದರು.

ಹೋದದ್ದು ಬಂದರಿನ ಪಕ್ಕದ ಶುವೈಖಿನ ಒಂದು ಗೋದಾಮಿಗೆ. ಭಟ್ಕಳ, ಕಲಬುರ್ಗಿ, ಕಾಸರಗೋಡು ಕಡೆಯ ಸುಮಾರು ಇಪ್ಪತ್ತು ಮಂದಿ ಕೆಲಸಗಾರರು ಅಲ್ಲಿದ್ದರು. ಅವರ ಪಾಸ್‌ಪೋರ್ಟುಗಳೆಲ್ಲ ವಾಡಿಕೆಯಂತೆ ಕಫೀಲನ, ಅಂದರೆ ಅವರನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನನ, ಆಫೀಸು ಕೋಣೆಯೊಳಗೆ. ಕಫೀಲ ದೇಶ ಬಿಟ್ಟುಹೋಗಿದ್ದ. ಬೀಗದ ಕೈ ಇದ್ದದ್ದು ಸುಡಾನಿನ ಹಿರಿಯ ಸ್ಟೋರ್‌ಕೀಪರ್ ಬಳಿ. ಯಜಮಾನರ ಮಾತಿಲ್ಲದೆ ಬಾಗಿಲು ತೆಗೆಯುವುದಿಲ್ಲ ಎಂದು ಅವರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದರು. ಮರುದಿನ ಬೆಳಿಗ್ಗೆ ಬಸ್ಸು. ನಮ್ಮ ರಾಯಭಾರ ಕಚೇರಿ ತಾತ್ಕಾಲಿಕ ಕಾಗದ ಕೊಡುತ್ತಿತ್ತಾದರೂ ಅಲ್ಲಿ ಮುಗಿಯದ ಕ್ಯೂ. ಆ ಕಾಗದ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎನ್ನುವುದೂ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಆಗಲೇ ಕಬ್ಬಿಣದ ಸಲಾಕೆ ಹಿಡಿದು ನಿಂತಿದ್ದ.

ಸೀನಿಯರ್ ಅದನ್ನು ಅವನ ಕೈಯಿಂದ ತೆಗೆದು ಗೋಡೆಗೆ ಒರಗಿಸಿದರು. ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು, ಎಡಗಿವಿ ಮುಂದೆ ಮಾಡಿ, ಮೊದಲು ಆ ಸುಡಾನಿ ಹೇಳಿದ್ದನ್ನು ಪೂರ್ತಿ ಕೇಳಿದರು. ಎದ್ದು ನಿಂತು ಕೆಲಸಗಾರರ ಕಡೆ ತಿರುಗಿದರು. ಮಾತಾಡಿದ್ದು ಹಿಂದಿಯಲ್ಲಿ. ಈ ಮನುಷ್ಯ ಹದಿನೈದು ವರ್ಷ ಈ ಬೀಗ ಕಾದಿದ್ದಾರೆ, ಒಂದು ಮೊಳೆ ಕಳೆದಿಲ್ಲ, ಊರೆಲ್ಲ ಲೂಟಿಯಾಗುವಾಗಲೂ ಓಡಿಹೋಗಿಲ್ಲ. ನಾಳೆ ಯಜಮಾನ ಬಂದು ಬಾಗಿಲು ಒಡೆದದ್ದು ಯಾರು ಎಂದರೆ ನೀವೆಲ್ಲ ನಿಮ್ಮೂರಲ್ಲಿರುತ್ತೀರಿ, ಕಳ್ಳ ಎನಿಸಿಕೊಳ್ಳುವವರು ಇವರೊಬ್ಬರೇ. ಇದು ಸಣ್ಣ ಭಯವೇ ಎಂದು ಕೇಳಿದರು. ಸುಡಾನಿಗೆ ಹಿಂದಿ ತಿಳಿಯುತ್ತಿತ್ತು. ಅವರು ಕುರ್ಚಿಯಲ್ಲೇ ತಲೆ ತಗ್ಗಿಸಿ ಪೇಟದ ಅಂಚಿನಿಂದ ಕಣ್ಣೊರೆಸಿಕೊಂಡರು. ಅವರ ಪರವಾಗಿ ಒಬ್ಬರು ಮಾತಾಡಿದ್ದು ಆ ತಿಂಗಳಲ್ಲಿ ಅದೇ ಮೊದಲಿರಬೇಕು.

ಅದಾದ ಮೇಲೆಯೇ ಸೀನಿಯರ್ ಸುಡಾನಿಯ ಕಡೆ ತಿರುಗಿದ್ದು. ಒಳಗಿನ ಸಾಮಾನು ಯಜಮಾನರದ್ದು, ಅದನ್ನು ಯಾರೂ ಮುಟ್ಟುವುದಿಲ್ಲ. ಪಾಸ್‌ಪೋರ್ಟ್ ಅವರದ್ದಲ್ಲ. ನಿಜ ಹೇಳಬೇಕೆಂದರೆ ಈ ಹುಡುಗರದ್ದೂ ಅಲ್ಲ, ಇವರ ಸರ್ಕಾರದ್ದು. ಬೇರೆಯವರ ವಸ್ತುವನ್ನು ಹಿಂದಿರುಗಿಸಿದವರನ್ನು ಯಾವ ನ್ಯಾಯವೂ ಕಳ್ಳ ಎನ್ನುವುದಿಲ್ಲ. ಅರಬ್ಬಿಯಲ್ಲಿ ಹೇಳಿದ ಈ ಮಾತನ್ನು ಆಮೇಲೆ ನನಗೆ ಕನ್ನಡದಲ್ಲಿ ವಿವರಿಸಿದರು. ಪಡೆದುಕೊಂಡವರೆಲ್ಲ ಸಹಿ ಹಾಕಲಿ, ಕೆಳಗೆ ನಾನೂ ಹಾಕುತ್ತೇನೆ, ನನ್ನ ಊರಿನ ವಿಳಾಸ ಬರೆಯುತ್ತೇನೆ, ಯಜಮಾನರು ಕೇಳಿದರೆ ನನ್ನನ್ನು ಕೇಳಲಿ ಎಂದರು.

ಸುಡಾನಿ ಎದ್ದು ಕುರ್ಚಿ ಪಕ್ಕಕ್ಕೆ ಸರಿಸಿದರು.

ಹೆಸರು ಕೂಗುವ ಕೆಲಸ ನನ್ನದು. ಒಬ್ಬೊಬ್ಬರೂ ಬಂದು ಸಹಿ ಹಾಕಿಯೋ ಹೆಬ್ಬೆಟ್ಟು ಒತ್ತಿಯೋ ಪಾಸ್‌ಪೋರ್ಟನ್ನು ಎದೆಗೆ ಅವುಚಿಕೊಂಡು ಹೋದರು. ಎಲ್ಲ ಮುಗಿದ ಮೇಲೂ ಡ್ರಾಯರಿನಲ್ಲಿ ಒಂದು ಉಳಿದಿತ್ತು. ತೆರೆದು ನೋಡಿದರೆ ಆ ಸ್ಟೋರ್‌ಕೀಪರ್‌ದೇ. ಬೀಗದ ಕೈ ಇಷ್ಟು ದಿನ ಅವರ ಜೇಬಿನಲ್ಲೇ ಇತ್ತು, ಆದರೂ ತಮ್ಮದನ್ನು ತಾವು ತೆಗೆದುಕೊಂಡಿರಲಿಲ್ಲ. ನಾನು ಸೀನಿಯರ್ ಮುಖ ನೋಡಿದೆ.

"ಅವರ ಹೆಸರೂ ಕೂಗಿ," ಎಂದರು.

ಕೂಗಿದೆ. ಅವರು ಬಂದು, ಉಳಿದವರಂತೆಯೇ ಸಹಿ ಹಾಕಿ, ಎರಡೂ ಕೈ ಒಡ್ಡಿ ತೆಗೆದುಕೊಂಡರು. ಆಮೇಲೆ ಕೋಣೆಗೆ ಮತ್ತೆ ಬೀಗ ಹಾಕಿದರು.

ಅದೇ ವಾರ ನಾವು ಹೊರಟೆವು. ಸೀನಿಯರ್ ಬರಲಿಲ್ಲ. ಅಂಥದೇ ತೊಂದರೆಯವರು ಅವರನ್ನು ಹುಡುಕಿಕೊಂಡು ಬರತೊಡಗಿದ್ದರು. ಅವರು ಊರು ಸೇರಿದ್ದು ಚಳಿಗಾಲದಲ್ಲಿ. ಮಂಗಳೂರಿನಲ್ಲಿ ಒಂದು ಸಣ್ಣ ಚೇಂಬರ್ ತೆರೆದಿದ್ದಾರೆಂದು ತೊಂಬತ್ತೊಂದರಲ್ಲಿ ತಿಳಿದಾಗ ಹೊಸ ಅರ್ಜಿ ಬರೆದುಕೊಂಡು ಮೈಸೂರಿನಿಂದ ಹೋದೆ. ಅವರು ಅದನ್ನು ಬಿಡಿಸದೆ ಹಿಂದಕ್ಕೆ ಕೊಟ್ಟರು. "ಇದೆಂತ ಮಾರಾಯ್ತಿ, ನೀವು ಶುವೈಖಿನಲ್ಲೇ ಸೇರಿ ಆಗಿದೆಯಲ್ಲ. ಕೂತ್ಕೊಳ್ಳಿ." ಇಪ್ಪತ್ತು ವರ್ಷ ಹಿಂದಿನ ಕೋಣೆಯಲ್ಲೇ ಕೂತಿದ್ದ ಅವರು ಮೊದಲ ಸಲ ಕೋರ್ಟಿನಲ್ಲಿ ಎದ್ದು ನಿಂತಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಗೌನಿನ ತೋಳು ಅವರಿಗೆ ಉದ್ದವಾಗಿತ್ತು. ಧ್ವನಿ ಮೊದಲೆರಡು ವಾಕ್ಯದಲ್ಲಿ ಒಡೆಯಿತು, ಆಮೇಲೆ ಸ್ಥಿರವಾಯಿತು.

ಹನ್ನೊಂದು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಮಾತಾಡಲು ಕಷ್ಟಪಡುತ್ತಿದ್ದರು. ಆದರೂ ಒಬ್ಬ ವಿಧವೆಯ ಮನೆಯ ಮೇಲ್ಮನವಿ ಏನಾಯಿತೆಂದು ಕೇಳಿದರು. ಗೆಲ್ಲುವುದಿಲ್ಲ ಸರ್ ಎಂದೆ. ಅವರಿಗೆ ಹೇಳಿದಿರಾ ಎಂದರು. ಇನ್ನೂ ಇಲ್ಲ, ಹೇಗೆ ಹೇಳುವುದೋ ತೋಚುತ್ತಿಲ್ಲ ಎಂದೆ.

"ಇವತ್ತೇ ಹೇಳಿ. ಫೋನಲ್ಲಿ ಬೇಡ, ಮನೆಗೆ ಹೋಗಿ."

ಆಸ್ಪತ್ರೆಯಿಂದ ನೇರ ಹೋದೆ. ಆ ತಾಯಿಯ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವರು ಅತ್ತರು, ನಾನು ಎದ್ದು ಬರಲಿಲ್ಲ. ಆಮೇಲೆ ಅವರೇ ಚಹಾ ಮಾಡಿದರು, ಮನೆ ಬಿಟ್ಟುಕೊಡಲು ಎಷ್ಟು ಕಾಲ ಸಿಗಬಹುದೆಂದು ಕೇಳಿದರು. ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಹೇಳಿ ಬಂದೆ ಎಂದು ಸೀನಿಯರ್‌ಗೆ ತಿಳಿಸಲು ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಅವರ ಮಂಚ ಖಾಲಿಯಿತ್ತು.