ಮೂವರ ಫೋಟೋಕ್ಕೆ ಒಂದು ಕೋಲು

ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಅಕ್ಕಂದಿರ ಜೊತೆ ನಾನೂ ಇದ್ದೆ ಎನ್ನುವುದಕ್ಕೆ ಎರಡೇ ಸಾಕ್ಷಿಗಳಿವೆ. ಗೋಕರ್ಣದ ದಂಡೆಯ ಮೇಲೆ ಅವರ ಕಾಲ ಬುಡಕ್ಕೆ ಬಿದ್ದಿರುವ ಉದ್ದನೆಯ ನೆರಳು ನನ್ನದು. ಸಣ್ಣಕ್ಕನ ಸೀಮಂತದ ಫೋಟೋದ ಮೂಲೆಯಲ್ಲಿ ಬದನೆಕಾಯಿಯಂತೆ ಕಾಣುವ ಹೆಬ್ಬೆರಳು, ಅದೂ ನನ್ನದೇ. ಉಳಿದ ಆಯುಷ್ಯವನ್ನು ನಾನು ಕ್ಯಾಮೆರಾದ ಹಿಂದೆ ಕಳೆದಿದ್ದೇನೆ.

ಇದಕ್ಕೆಲ್ಲ ಕಾರಣ ನಮ್ಮ ಮನೆಯ ಒಂದು ಕಟ್ಟಳೆ. ಮೂವರು ಸೇರಿ ಫೋಟೋ ತೆಗೆಸಿಕೊಳ್ಳಬಾರದು, ತೆಗೆಸಿಕೊಂಡರೆ ಒಬ್ಬರಿಗೆ ಕೇಡು. ನಾವಿದ್ದದ್ದೇ ಮೂವರು: ದೊಡ್ಡಕ್ಕ, ಸಣ್ಣಕ್ಕ, ಕೊನೆಗೆ ನಾನು. ನನಗೆ ಐದು ವರ್ಷವಾಗಿದ್ದಾಗ ಅಪ್ಪ ಮೂವರನ್ನೂ ಧಾರವಾಡದ ಒಂದು ಸ್ಟುಡಿಯೋಕ್ಕೆ ಕರೆದೊಯ್ದರು. ನನಗೆ ಹೊಸ ಅಂಗಿ, ತಲೆಗೆ ಎಣ್ಣೆ, ಮುಖದ ತುಂಬ ಪೌಡರು. ಬಾಗಿಲಲ್ಲಿ ದೊಡ್ಡಕ್ಕ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅಪ್ಪ ತುಸು ಯೋಚಿಸಿ ನನ್ನ ಕೈಗೊಂದು ಪೆಪ್ಪರಮಿಂಟು ಕೊಟ್ಟರು. "ಮೂರು ಮಂದಿ ಕೂಡಿ ತಗಸಬಾರದಂತಪಾ. ನೀ ಇಲ್ಲೇ ಕೂಡು, ಚಪ್ಪಲಿ ನೋಡಕೋ," ಎಂದು ಹೊರಗಿನ ಬೆಂಚಿನ ಮೇಲೆ ಕೂರಿಸಿ ಹೋದರು. ನಾನು ಪೌಡರು ಬಳಿದುಕೊಂಡು ಚಪ್ಪಲಿ ಕಾಯ್ದೆ.

ದೊಡ್ಡವನಾದ ಮೇಲೆ ಒಂದು ಕ್ಯಾಮೆರಾ ಕೊಂಡೆ. ಹೊರಗೇ ಇರಬೇಕಾದವನು ಒಂದು ಕೆಲಸವನ್ನಾದರೂ ಮಾಡಲಿ ಎಂದು. ಅಲ್ಲಿಂದ ನಾಲ್ವರು ನಿಂತರೂ ಹತ್ತು ಮಂದಿ ನಿಂತರೂ ತೆಗೆಯುವವನು ನಾನೇ ಎಂದಾಯಿತು. ನನ್ನ ಮದುವೆಯಲ್ಲಿ ಹೆಂಡತಿಯನ್ನು ಸೇರಿಸಿಕೊಂಡು ನಾಲ್ವರಾಗಬಹುದಿತ್ತು. ಆದರೆ ದೊಡ್ಡಕ್ಕ ಊಟದ ಪಂಕ್ತಿ ಬಿಟ್ಟು ಕದಲಲಿಲ್ಲ.

ಇತ್ತೀಚೆಗೆ ದೊಡ್ಡಕ್ಕನಿಗೆ ಅರವತ್ತಾಯಿತು. ಅವಳ ಮಗಳು ಹಳೆಯ ಫೋಟೋಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿಸುತ್ತಿದ್ದಳು. "ಮಾಮಾ, ನೀವು ಮೂರೂ ಮಂದಿ ಇದ್ದದ್ದು ಒಂದು ಕಳಸ್ರಿ," ಎಂದು ಫೋನ್ ಮಾಡಿದಳು. ಒಂದು ಭಾನುವಾರವಿಡೀ ಹುಡುಕಿದೆ. ನೆರಳು ಮತ್ತು ಹೆಬ್ಬೆರಳು ಬಿಟ್ಟು ಏನೂ ಸಿಗಲಿಲ್ಲ. ಐವತ್ನಾಲ್ಕು ವರ್ಷದ ಗಂಡಸು ಇಂಥದ್ದಕ್ಕೆ ಅಳಬಾರದು ಎಂದು ಗೊತ್ತಿದ್ದೂ ನನಗೆ ಅಳು ಬಂತು. ಅಕ್ಕನ ಪುಸ್ತಕದಲ್ಲಿ ನಾನು ಇರಲೇಬೇಕು ಎಂದು ಹಟ ಹುಟ್ಟಿತು.

ಮರುದಿನವೇ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ಸೆಲ್ಫಿ ತೆಗೆಯುವ ಕೋಲು ಕೊಂಡೆ. ಅಂಗಡಿಯವ ಅದನ್ನು ಎಳೆದೆಳೆದು ಉದ್ದ ಮಾಡಿ, "ಇದ್ರಾಗ ಹದಿನೈದು ಮಂದಿ ಹಿಡೀತಾರ್ರಿ ಸರ," ಎಂದ. ನನಗೆ ಮೂವರು ಹಿಡಿದರೆ ಸಾಕಾಗಿತ್ತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದು ಟ್ಯೂಬ್‌ಲೈಟ್ ಒಡೆದೆ. ಹೆಂಡತಿ ಕಸಬರಿಗೆ ತಂದು ನನ್ನ ಇನ್ನೊಂದು ಕೈಗೆ ಕೊಟ್ಟಳು.

ಸಂಜೆ ಅಕ್ಕಂದಿರಿಬ್ಬರನ್ನೂ ಉಣಕಲ್ ಕೆರೆಗೆ ಕರೆದೆ. ದೊಡ್ಡಕ್ಕ ಧಾರವಾಡದಿಂದ ಬಸ್ಸಿನಲ್ಲಿ ಬಂದಿಳಿದು ಮೊದಲು ನೋಡಿದ್ದೇ ಕೋಲನ್ನು.

"ಬಡಿಗಿ ಯಾಕ ಹಿಡಕೊಂಡು ಬಂದೀ? ಕೆರಿ ಕಡೆ ನಾಯಿ ಭಾಳ ಆಗ್ಯಾವೇನು?"

ನಾನು ಫೋನು ಸಿಕ್ಕಿಸಿ, ಕೋಲು ಚಾಚಿ ಎಲ್ಲವನ್ನೂ ವಿವರಿಸಿದೆ. ಅವಳು ಪರದೆಯಲ್ಲಿ ಕಾಣುವ ತಲೆಗಳನ್ನು ಎಣಿಸಿದಳು. "ಮೂರು ಆಗ್ತಾವಲ್ಲೋ," ಎಂದು ಪಕ್ಕಕ್ಕೆ ಸರಿದಳು. ಅಷ್ಟಕ್ಕೇ ಬಿಡದೆ, ಟೋಪಿ ಹಾಕಿಕೊಂಡು ಬಿರಬಿರನೆ ವಾಕಿಂಗ್ ಮಾಡುತ್ತಿದ್ದ ಒಬ್ಬರನ್ನು ತಡೆದು ನಿಲ್ಲಿಸಿದಳು. "ಅಣ್ಣಾರ, ಒಂದೀಟು ನಮ್ಮ ಫೋಟೋದಾಗ ನಿಂದರತೀರೇನ್ರಿ? ಒಬ್ಬರು ಕಡಿಮಿ ಬಿದ್ದೇವ್ರಿ."

ಅವರು ಯಾಕೆ ಎಂದು ಸಹ ಕೇಳಲಿಲ್ಲ. ಟೋಪಿ ತೆಗೆದು, ತಲೆ ಬಾಚಿಕೊಂಡು, ಬಂದು ಸೀದಾ ನಡುವೆ ನಿಂತರು. ಹೋಗುವಾಗ ನಂಬರ್ ಬರೆಸಿ, "ವಾಟ್ಸಾಪ್ ಮಾಡ್ರಿ ಮತ್ತ, ಮರೀಬ್ಯಾಡ್ರಿ," ಎಂದು ಹೇಳಿಹೋದರು. ಫೋಟೋ ನೋಡಿದರೆ ಅವರು ಮದುಮಗನಂತೆ ನಗುತ್ತಿದ್ದಾರೆ, ಅಕ್ಕಂದಿರು ಎರಡೂ ಕಡೆ ಇದ್ದಾರೆ, ನನ್ನದು ಒಂದು ಕಿವಿ ಬಂದಿದೆ.

ಸಣ್ಣಕ್ಕ ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಸಾಕ ಮಾಡಕ್ಕಾ. ಅವಂಗ ಖರೇ ಹೇಳಿಬಿಡು."

"ಮೂರು ಮಂದಿ ಕೂಡಬಾರದು ಅಂತ ಅವತ್ತ ಅಪ್ಪಗ ಹೇಳಿದಾಕಿ ನಾನ," ಎಂದಳು ದೊಡ್ಡಕ್ಕ. "ಬಾಜೂಮನಿ ಅಜ್ಜಿ ಹೇಳ್ಯಾಳಂತ ಸುಳ್ಳ ಹೇಳಿದೆ. ನೀ ಒಳಗ ಬಂದ್ರ ಗಂಡಸ ಹುಡುಗ ಅಂತ ನಿನ್ನ ನಡುವ ಕೂಡಸ್ತಿದ್ರು. ನಾವಿಬ್ಬರು ಆಜೂಬಾಜೂ ನಿಂದರಬೇಕಾಗತಿತ್ತು. ನಮ್ಮಿಬ್ಬರದ ಅನ್ನೋದು ಒಂದ ಫೋಟೋ ಬೇಕಾಗಿತ್ತು ನನಗ."

"ಆಮ್ಯಾಲರೆ ಹೇಳಬಾರದೇನಕ್ಕಾ?" ಎಂದೆ.

"ಅಪ್ಪ ಇರೋತನಕ ಅಂಜಿಕಿ ಇತ್ತು. ಅಪ್ಪ ಹೋಗೋದ್ರಾಗ ನನಗೂ ಅದು ಖರೇನ ಅನಸಾಕ ಹತ್ತಿತ್ತು."

ನನಗೆ ವಿಪರೀತ ಸಿಟ್ಟು ಬಂತು, ಕೈಯಲ್ಲಿ ಕೋಲೂ ಇತ್ತು. ಒಂದು ಸುಳ್ಳಿಗಾಗಿ ಇಷ್ಟು ವರ್ಷ ಚಪ್ಪಲಿ ಕಾಯ್ದೆನಲ್ಲ. ಆದರೆ ಅವಳು ಹೇಳಿದ್ದರಲ್ಲಿ ಒಂದು ಮಾತು ಸುಳ್ಳಲ್ಲ. ನನ್ನನ್ನು ನಡುವೆಯೇ ಕೂರಿಸುತ್ತಿದ್ದರು, ನಾನೂ ಠೀವಿಯಿಂದ ಕೂರುತ್ತಿದ್ದೆ. ಅದು ನೆನಪಾಗಿ ಸಿಟ್ಟು ಅರ್ಧಕ್ಕೇ ನಿಂತಿತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ರಟ್ಟೆ ಹಿಡಿದಳು. "ಬಾ, ನಡುವ ನಿಂದರು."

"ನಡುವ ನೀ ನಿಂದರಕ್ಕಾ," ಎಂದೆ.

ಸಣ್ಣಕ್ಕ ಆ ಕಡೆ, ನಾನು ಈ ಕಡೆ ನಿಂತೆವು. ಕೋಲು ಚಾಚಿ ಗುಂಡಿ ಒತ್ತಿದೆ. ಮೂವರೂ ಪೂರ್ತಿ ಬಂದಿದ್ದೇವೆ. ದೊಡ್ಡಕ್ಕ ನಡುವೆ ನಿಂತು ಹನ್ನೊಂದು ವರ್ಷದ ಹುಡುಗಿಯ ಹಾಗೆ ಗದ್ದ ಎತ್ತಿದ್ದಾಳೆ. ನಾನು ಮಾತ್ರ ಕ್ಯಾಮೆರಾ ಹಿಡಿದ ರೂಢಿಯಲ್ಲಿ ಎಡಗಣ್ಣು ಮುಚ್ಚಿದ್ದೇನೆ.

ಪುಸ್ತಕಕ್ಕೆ ಇದು ಸರಿಬರುವುದಿಲ್ಲ, ಇನ್ನೊಂದು ತೆಗೆದು ಕಳಿಸಿ ಎಂದು ಅಕ್ಕನ ಮಗಳು ಹೇಳಿದಳು. ದೊಡ್ಡಕ್ಕ ಒಪ್ಪಲಿಲ್ಲ.

"ಇದ ಇರಲಿ," ಎಂದಳಂತೆ. "ಇಷ್ಟ ವರ್ಷ ಹೊರಗ ಕೂತಾಂವ. ಒಂದ ಕಣ್ಣು ಇನ್ನೂ ಒಳಗ ಬಂದಿಲ್ಲ."