ಈಳಿಗೆಮಣೆಯ ನಾಲ್ಕನೆಯ ಕಾರಣ

ಅಮೆರಿಕದ ಫ್ರೀಮಾಂಟಿನ ಕನ್ನಡ ಮನೆಗಳಲ್ಲಿ ನಿರುಪಮಾ ಎಂದರೆ "ಕಾಲೇಜಲ್ಲಿ ವೇದಾಂತ ಹೇಳ್ಕೊಡ್ತಾರಲ್ಲ, ಅವ್ರು" ಎಂದೇ ಗುರುತು. ಈ ಗುರುತಿನಲ್ಲಿ ನಿಜವಾಗಿದ್ದದ್ದು ಕಾಲೇಜು ಒಂದೇ. ವೇದಾಂತ ಅವಳ ವಿಷಯವಾಗಿರಲೇ ಇಲ್ಲ. ಮೈಸೂರಿನಲ್ಲಿ ಎಂ.ಎ. ಮಾಡುವಾಗ ಅವಳು ಹಿಡಿದದ್ದು ಪ್ರಾಚೀನ ಗ್ರೀಕರ ತತ್ತ್ವಶಾಸ್ತ್ರ. ಅದನ್ನು ಇಂಗ್ಲಿಷಿನವರ ಎಂಜಲಾಗಿ ಓದುವುದು ಬೇಡವೆಂದು ಹಠ ಹಿಡಿದು, ಸೆಮಿನರಿಯ ಒಬ್ಬ ಮುದಿ ಪಾದ್ರಿಯ ಹತ್ತಿರ ಗ್ರೀಕ್ ಭಾಷೆಯನ್ನೇ ಕಲಿತಳು. ಅವಳ ತಂದೆ, "ಮನೆಯಲ್ಲಿ ಸಂಸ್ಕೃತ ಕೊಳೀತಾ ಬಿದ್ದಿದೆ, ನಿನಗ್ಯಾಕಮ್ಮ ಆ ಯವನರ ಭಾಷೆ" ಎಂದು ಗೊಣಗುತ್ತಲೇ ಸಂಜೆಹೊತ್ತು ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪಾದ್ರಿಯ ಮನೆಗೆ ಬಿಟ್ಟು ಬರುತ್ತಿದ್ದರು.

ಆಮೇಲೆ ಕೆಲವು ವರ್ಷ ಅಲ್ಲಿಯದೇ ಮಹಿಳಾ ಕಾಲೇಜಿನಲ್ಲಿ ಪಾಠ ಹೇಳಿದಳು. ಅವಳ ಬದುಕಿನಲ್ಲಿ ಸುಖ ಎನ್ನುವುದೇನಾದರೂ ಇದ್ದರೆ ಅದು ಆ ತರಗತಿಯಲ್ಲಿತ್ತು. ಇರುವುದು ಬೇರೆ, ಕಾಣುವುದು ಬೇರೆ; ಅಂದುಕೊಳ್ಳುವುದು ಬೇರೆ, ಅರಿಯುವುದು ಬೇರೆ ಎಂದು ಏಥೆನ್ಸಿನ ಜಗಳವನ್ನೆಲ್ಲ ಅವಳು ತಂದು ಮೈಸೂರಿನ ಬೆಂಚುಗಳ ಮೇಲೆ ಹರಡುತ್ತಿದ್ದಳು. ಸಾಕ್ರಟೀಸನ ಶಿಷ್ಯನ ಶಿಷ್ಯ ಹೇಳಿದ ನಾಲ್ಕು ಕಾರಣಗಳ ಪಾಠ ಬಂದ ದಿನ ಮಾತ್ರ ಮನೆಯಿಂದ ಈಳಿಗೆಮಣೆಯನ್ನೇ ಹೊತ್ತು ತರುತ್ತಿದ್ದಳು. ಇದು ಯಾತರಿಂದ ಆಗಿದೆ? ಮರ, ಕಬ್ಬಿಣ. ಯಾವ ರೂಪದಲ್ಲಿದೆ? ಅಡಿಯಲ್ಲಿ ಮಣೆ, ಮೇಲೆ ಬಾಗಿದ ಅಲಗು. ಯಾರು ಮಾಡಿದರು? ಬಡಗಿ, ಕಮ್ಮಾರ. ಇಷ್ಟೆಲ್ಲ ಯಾತಕ್ಕಾಗಿ? ಹೆಚ್ಚುವುದಕ್ಕಾಗಿ. ಈ ನಾಲ್ಕನೆಯದೇ ದೊಡ್ಡದು, ಮಿಕ್ಕ ಮೂರೂ ಅದಕ್ಕಾಗಿಯೇ ಇರುವುದು ಎಂದು ಅವಳು ಹೇಳುವ ಮೊದಲೇ ಹುಡುಗಿಯರಿಗೆ ಗೊತ್ತಾಗಿರುತ್ತಿತ್ತು. ಒಮ್ಮೆ ಮಂಡ್ಯ ಕಡೆಯ ಹುಡುಗಿಯೊಬ್ಬಳು ಎದ್ದು, "ಯಾರೂ ಏನೂ ಹೆಚ್ಚದೆ ಅದು ಸುಮ್ಕೆ ಮೂಲೇಲಿ ಕುಂತಿರ್ತದಲ್ಲ ಮಿಸ್, ಆಗ ಅದು ಈಳಿಗೆಮಣೆ ಹೌದೋ ಅಲ್ವೋ?" ಎಂದು ಕೇಳಿದಳು. ಅಂಥ ಪ್ರಶ್ನೆ ಬಂತಲ್ಲ ಎಂಬ ಖುಷಿಯಲ್ಲಿ ಅವತ್ತು ನಿರುಪಮಾಳಿಗೆ ಊಟ ಸೇರಲಿಲ್ಲ.

ಮದುವೆಯಾಗಿ ಅಮೆರಿಕಕ್ಕೆ ಬಂದಳು. ಗಂಡ ವೆಂಕಟಾಚಲನಿಗೆ ರೆಡ್‌ವುಡ್ ಸಿಟಿಯಲ್ಲಿ ಕೆಲಸ. ಮೊದಲೆರಡು ವರ್ಷ ಅಪಾರ್ಟ್‌ಮೆಂಟು, ಗ್ರೋಸರಿ, ಮಗು ಎಂದು ಕಳೆಯಿತು. ಮಗಳು ಶೈಲಜಾ ಡೇಕೇರಿಗೆ ಹೋಗುವಂತಾದ ಮೇಲೆ, ಎಮರಿವಿಲ್‌ನಿಂದಾಚೆಗೆ ಇದ್ದ ಒಂದು ಸಣ್ಣ ಕಾಲೇಜಿನಲ್ಲಿ ಸಂಜೆಯ ಪಾಠಕ್ಕೆ ಜನ ಬೇಕೆಂದು ತಿಳಿದು ಹೋಗಿ ಕೇಳಿದಳು. ಗ್ರೀಕ್ ತತ್ತ್ವಶಾಸ್ತ್ರ ಓದಿದ್ದೇನೆ ಎಂದಳು. ವಿಭಾಗದ ಮುಖ್ಯಸ್ಥೆ ಮಿಸೆಸ್ ಹಾಲೋವೇ ಬಹಳ ಒಳ್ಳೆಯ ಹೆಂಗಸು. ಒಳ್ಳೆಯವರಿಂದ ಆಗುವ ಅನಾಹುತಕ್ಕೆ ಕೆಟ್ಟವರು ಸಾಟಿಯಲ್ಲ. ಆಕೆ ನಿರುಪಮಾಳ ಹಣೆಯ ಕುಂಕುಮ ನೋಡಿ, ಗ್ರೀಕ್ ಪಾಠಕ್ಕೆ ನಮ್ಮ ಹಿರಿಯ ಪ್ರೊಫೆಸರ್ ಇದ್ದಾರೆ, ನೀವು ಪೂರ್ವದೇಶದ ಧರ್ಮಗಳನ್ನು ತೆಗೆದುಕೊಳ್ಳಿ ಎಂದಳು. ನಿರುಪಮಾ ಒಪ್ಪಿದಳು. ಕಾಲೂರಲು ಜಾಗ ಸಿಕ್ಕರೆ ಆಮೇಲೆ ಕೂರಬಹುದು ಎಂದು ಅವಳ ಲೆಕ್ಕ.

ಮೊದಲ ವಾರ ಪ್ಯಾಂಟು ಹಾಕಿಕೊಂಡು ಹೋದಳು. ಒಬ್ಬ ವಿದ್ಯಾರ್ಥಿ ಬಂದು, ನಿಜವಾದ ಟೀಚರ್ ಯಾವಾಗ ಬರುತ್ತಾರೆ ಎಂದು ವಿನಯದಿಂದ ಕೇಳಿದ. ಮಾರನೆಯ ವಾರದಿಂದ ಸೀರೆ ಉಟ್ಟಳು. ಯಾರೂ ಬಲವಂತ ಮಾಡಿರಲಿಲ್ಲ. ಕಾಣುವುದೇ ಬೇರೆ, ಇರುವುದೇ ಬೇರೆ ಎಂದು ವರ್ಷಗಟ್ಟಲೆ ಬೋಧಿಸಿದವಳು ಕಾಣುವುದಕ್ಕೆ ಇಸ್ತ್ರಿ ಮಾಡಿ, ಪಿನ್ನು ಹಾಕಿಕೊಂಡು ಫ್ರೀವೇ ಹತ್ತಿದಳು. ತನಗೆ ಗೊತ್ತಿಲ್ಲದ್ದನ್ನು ರಾತ್ರಿಯೆಲ್ಲ ಓದಿ ಹೇಳಿಕೊಟ್ಟಳು. ಗೊತ್ತಿದ್ದದ್ದನ್ನು ಒಳಗಿಟ್ಟುಕೊಂಡಳು.

ಎಂಬತ್ತೈದನೆಯ ಇಸವಿಯಲ್ಲಿ ಗ್ರೀಕ್ ಪಾಠದ ಹಿರಿಯ ಪ್ರೊಫೆಸರ್ ನಿವೃತ್ತನಾದ. ನಿರುಪಮಾ ನೇರವಾಗಿ ಹೋಗಿ ಆ ಪಾಠ ತನಗೆ ಬೇಕೆಂದಳು. ಮಿಸೆಸ್ ಹಾಲೋವೇಗೆ ಆಶ್ಚರ್ಯವಾದರೂ, ಸಮಿತಿಯ ಮುಂದೆ ಒಂದು ಮಾದರಿ ಪಾಠ ಮಾಡಿ ತೋರಿಸಿ, ನೋಡೋಣ ಎಂದಳು. ಆ ವಾರವೆಲ್ಲ ನಿರುಪಮಾ ಒಲೆಯ ಮುಂದೆ ನಿಂತು ಗ್ರೀಕ್ ವಾಕ್ಯಗಳನ್ನು ಗುನುಗಿದಳು. ಸಾರು ಎರಡು ಸಲ ಉಕ್ಕಿತು.

"ಯಾವ ಪುರುಷಾರ್ಥಕ್ಕೆ ಅಂತ?" ಎಂದ ವೆಂಕಟಾಚಲ, ಒಲೆ ಒರೆಸುತ್ತ. "ಈಗಿರೋ ಕ್ಲಾಸು ಚೆನ್ನಾಗೇ ನಡೀತಿದೆಯಲ್ಲ."

"ಪುರುಷಾರ್ಥಕ್ಕೇ ರೀ" ಎಂದು ಅವಳು ನಕ್ಕಳು. "ಅದೇ ಪಾಠ. ಯಾವ್ದು ಯಾತಕ್ಕಾಗಿ ಇದೆ ಅನ್ನೋದು. ನೀವು ಬೈಯೋದಕ್ಕೆ ಇಟ್ಕೊಂಡಿರೋ ಮಾತನ್ನ ಗ್ರೀಕರು ತತ್ತ್ವ ಮಾಡಿದ್ರು."

ಅವಳು ಅಟ್ಟದಂಥ ಮೇಲಿನ ಕಪಾಟಿನಿಂದ ಈಳಿಗೆಮಣೆ ಇಳಿಸಿದ್ದನ್ನು ನೋಡಿ ಅವನ ಕೈ ನಿಂತಿತು. ಮದುವೆಯ ಪಾತ್ರೆಗಳ ಜೊತೆ ಬಂದದ್ದು ಅದು.

"ಇದನ್ನ ತಗೊಂಡ್ಹೋಗ್ತೀಯಾ? ಒಂದು ಕುರ್ಚಿ ತೋರ್ಸಿದ್ರೆ ಸಾಲ್ದಾ? ಅವ್ರಿಗೆ ಕುರ್ಚಿ ಗೊತ್ತು, ನಿರೂ."

"ಕುರ್ಚಿ ಹಿಡ್ಕೊಂಡು ಎಲ್ರೂ ಪಾಠ ಮಾಡ್ತಾರೆ. ಇದ್ರಲ್ಲಿ ನಾಲ್ಕೂ ಕಾರಣ ಕಣ್ಣಿಗೆ ಕಾಣತ್ತೆ. ನನ್ನ ಹುಡುಗೀರಿಗೆ ಎರಡು ನಿಮಿಷಕ್ಕೆ ತಿಳೀತಿತ್ತು."

ಗ್ರೀಕರ ಒಂದಕ್ಷರ ಗೊತ್ತಿಲ್ಲದ ವೆಂಕಟಾಚಲ ಹೇಳಿದ್ದೇ ಸರಿಯಾಗಿತ್ತು. ಮೈಸೂರಿನಲ್ಲಿ ದಿನಬಳಕೆಯ ಆ ವಸ್ತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಆದ್ದರಿಂದಲೇ ಅದರ ಹಿಂದಿನ ಮಾತು ಕಾಣುತ್ತಿತ್ತು. ಇಷ್ಟು ಸಣ್ಣ ವಿಷಯ ಅಷ್ಟು ಓದಿದವಳಿಗೆ ಹೊಳೆಯಲಿಲ್ಲ.

ಸಮಿತಿಯಲ್ಲಿ ಐದು ಜನರಿದ್ದರು. ನಿರುಪಮಾ ಮೊದಲು ಗ್ರೀಕಿನಲ್ಲೇ ಒಂದು ವಾಕ್ಯ ಹೇಳಿ, ಅದನ್ನು ಬಿಡಿಸಿ ಹೇಳಿದಳು. ಸುಂದರವಾಗಿ ಹೇಳಿದಳು. ಒಬ್ಬ ಪೆನ್ನು ತೆಗೆದು ಬರೆದುಕೊಳ್ಳುವುದನ್ನು ಕಂಡು ಅವಳ ಎದೆ ತುಂಬಿತು. ಆಮೇಲೆ ಚೀಲದಿಂದ ಈಳಿಗೆಮಣೆ ತೆಗೆದು ಮೇಜಿನ ಮೇಲಿಟ್ಟಳು.

ಐವರೂ ಮುಂದಕ್ಕೆ ಬಾಗಿದರು. ಇದು ಪೂಜೆಗೆ ಬಳಸುವುದೇ ಎಂದು ಒಬ್ಬಳು ಕೇಳಿದಳು. ಅಲ್ಲ, ತರಕಾರಿ ಹೆಚ್ಚುವುದಕ್ಕೆ ಎಂದಳು ನಿರುಪಮಾ. ತುದಿಯಲ್ಲಿರುವ ಹಲ್ಲುಗಳು ಯಾತಕ್ಕೆ? ಕಾಯಿ ತುರಿಯಲು. ಗಂಡಸರೂ ಬಳಸುತ್ತಾರೆಯೇ? ಕಾಲಿನಿಂದ ಅದುಮಿ ಹಿಡಿಯುತ್ತಾರೆಯೇ? ಎಷ್ಟು ಹಳೆಯದು? ಅವಳು ಪ್ರತಿ ಉತ್ತರವನ್ನೂ ಎಳೆದು ತಂದು ಕಾರಣಗಳ ಕಂಬಕ್ಕೆ ಕಟ್ಟಲು ನೋಡಿದಳು. ಪ್ರಶ್ನೆ ಪುನಃ ಹಗ್ಗ ಬಿಚ್ಚಿಕೊಂಡು ಅಡುಗೆಮನೆಗೆ ಓಡುತ್ತಿತ್ತು.

"ಹೇಗೆ ಬಳಸುವುದೆಂದು ತೋರಿಸುತ್ತೀರಾ?" ಎಂದಳು ಮಿಸೆಸ್ ಹಾಲೋವೇ. ಯಾರೋ ತಮ್ಮ ಊಟದ ಡಬ್ಬಿಯಿಂದ ಒಂದು ಸೇಬು ಕೊಟ್ಟರು.

ಬೇಡ ಎನ್ನಬಹುದಿತ್ತು. ಆದರೆ ಪಾಠ ಹೇಳುವವರಿಗೆ ಒಂದು ಹುಚ್ಚಿರುತ್ತದೆ, ಇನ್ನೊಂದು ಹೆಜ್ಜೆ ಇಟ್ಟರೆ ಎದುರಿನವರಿಗೆ ತಿಳಿದುಬಿಡುತ್ತದೆ ಎಂಬ ಹುಚ್ಚು. ನಿರುಪಮಾ ಈಳಿಗೆಮಣೆಯನ್ನು ನೆಲಕ್ಕಿಟ್ಟು, ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಒಂದು ಮಂಡಿ ಮಡಚಿ ಮಣೆಯ ಮೇಲೆ ಕೂತಳು. ಐವರೂ ಕುರ್ಚಿ ಬಿಟ್ಟೆದ್ದು ಸುತ್ತ ನಿಂತರು. ಸೇಬು ಹೋಳಾಗುತ್ತ, ಆಗುತ್ತ, ಅವಳು ಕೆಳಗಿನಿಂದ ತಲೆಯೆತ್ತಿ ಹೇಳುತ್ತಲೇ ಇದ್ದಳು: ಈ ಕೊನೆಯ ಕಾರಣವೇ ಮೊದಲನೆಯದು, ವಸ್ತುವಿನ ಗುರಿಯೇ ಅದರ ಸ್ವರೂಪ, ಮನುಷ್ಯನಿಗೂ ಅಂಥದೊಂದು ಕೆಲಸವಿದೆಯೇ ಎಂದು ಆ ಗ್ರೀಕ ತತ್ತ್ವಜ್ಞಾನಿ ಕೇಳುತ್ತಾನೆ. ಅವರು ಅವಳ ಬೆರಳುಗಳನ್ನು ನೋಡುತ್ತಿದ್ದರು. ಹೋಳುಗಳು ಮುಗಿದಾಗ ಚಪ್ಪಾಳೆ ತಟ್ಟಿದರು. ಹೊತ್ತು ಮೀರಿತ್ತು. ಎಲ್ಲರೂ ಒಂದೊಂದು ಹೋಳು ತಿಂದರು.

ಎರಡು ದಿನ ಬಿಟ್ಟು ಮಿಸೆಸ್ ಹಾಲೋವೇ ಫೋನ್ ಮಾಡಿದಳು. ಸಮಿತಿಗೆ ನೀವು ಬಹಳ ಹಿಡಿಸಿದಿರಿ, ನಿಮಗಾಗಿಯೇ ಹೊಸ ಪಾಠ ತೆರೆಯುತ್ತಿದ್ದೇವೆ, ಭಾರತದ ನಿತ್ಯಜೀವನದ ದರ್ಶನ. ಮತ್ತೆ ಗ್ರೀಕ್? ಎಂದಳು ಇವಳು. ಅದಕ್ಕೆ ಕೆವಿನ್ ಎಂಬ ಹುಡುಗ ಸಿಕ್ಕಿದ್ದಾನೆ, ಈಗಷ್ಟೇ ಓದು ಮುಗಿಸಿದವನು. ಅವನಿಗೆ ಗ್ರೀಕ್ ಬರುತ್ತದೆಯೇ ಎಂದು ನಿರುಪಮಾ ಕೇಳಿದಳು. ಬರುವುದಿಲ್ಲ, ಎಲ್ಲ ಇಂಗ್ಲಿಷಿನಲ್ಲೇ ಸಿಗುತ್ತದಲ್ಲ ಎಂದಳು ಆಕೆ ಸಂತೋಷವಾಗಿ.

"ಪ್ರಮೋಶನ್ನೇ ಆಯ್ತಲ್ಲ ಬಿಡು" ಎಂದ ವೆಂಕಟಾಚಲ. ಅವತ್ತು ಅವಳು ಊಟಕ್ಕೆ ಬರಲಿಲ್ಲ. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಳು.

ಹೊಸ ಪಾಠ ಒಪ್ಪಿಕೊಂಡಳು, ಮತ್ತೇನು ಮಾಡುತ್ತಾಳೆ. ಪಾಠ ಚೆನ್ನಾಗಿಯೇ ಬೆಳೆಯಿತು. ರಂಗೋಲಿ, ಉಪವಾಸ, ಕರ್ಮ, ಮಸಾಲೆ ಎಲ್ಲವೂ ಅದರಲ್ಲಿ ಸೇರಿದವು. ಹಿಂದಿನ ಬೆಂಚಿನಲ್ಲೂ ಜಾಗವಿರುತ್ತಿರಲಿಲ್ಲ. ಲಾಸ್ ಆಲ್ಟೋಸ್‌ನ ಡಾಕ್ಟರ್ ಜಲಜಾ ತಮ್ಮ ಮನೆಯ ಪೂಜೆಗೆ ಕರೆದು, "ನಮ್ಮ ಸಂಸ್ಕೃತಿ ಉಳ್ಸಿರೋದೇ ನೀವು" ಎಂದು ಎಲ್ಲರೆದುರು ಹೊಗಳಿದರು. ಮಗಳು ಶೈಲಜಾ ಶಾಲೆಯಲ್ಲಿ ಇಂಗ್ಲಿಷಿನಲ್ಲಿ, ನನ್ನಮ್ಮ ಇಂಡಿಯಾ ಕಲಿಸುತ್ತಾಳೆ ಎಂದು ಹೇಳಿಕೊಂಡಳು. ಮೊದಮೊದಲು ನಿರುಪಮಾ ಭಾನುವಾರ ಮಧ್ಯಾಹ್ನ ಗ್ರೀಕ್ ಓದುತ್ತಿದ್ದಳು. ಆಮೇಲೆ ಭಾನುವಾರವೂ ಯಾರದಾದರೂ ಮನೆಯಲ್ಲಿ ಭಾಷಣವಿರುತ್ತಿತ್ತು. ಒಂದು ಪುಟ ಓದಲು ಆಗದಿದ್ದರೆ ನಾಳೆ ಎಂದಳು. ಆ ನಾಳೆಗಳ ಲೆಕ್ಕ ಅವಳೂ ಇಡಲಿಲ್ಲ, ನಾವೂ ಇಡುವುದು ಬೇಡ.

ಎಂಬತ್ತೊಂಬತ್ತರ ವಸಂತದಲ್ಲಿ ಕೆವಿನ್ ಬೇರೆ ರಾಜ್ಯದಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೊರಟ. ಮಿಸೆಸ್ ಹಾಲೋವೇ ನಿರುಪಮಾಳನ್ನು ಕರೆಸಿ, ನೀವು ಹಿಂದೊಮ್ಮೆ ಕೇಳಿದ್ದಿರಲ್ಲ, ಬೇರೆ ಯಾರೂ ಸಿಕ್ಕಿಲ್ಲ, ಆ ಗ್ರೀಕ್ ಪಾಠ ನೀವೇ ತೆಗೆದುಕೊಳ್ಳಿ ಎಂದಳು. ನಿರುಪಮಾ ಒಂದು ಗಂಟೆ ಬಿಟ್ಟು ಹೇಳುತ್ತೇನೆಂದು ನೇರ ಕೆಳಗಿನ ಲೈಬ್ರರಿಗೆ ಹೋದಳು. ಗ್ರೀಕ್ ಮೂಲದ ಒಂದು ಪುಸ್ತಕ ತೆಗೆದು ಕಿಟಕಿಯ ಹತ್ತಿರ ಕೂತಳು.

ಅಕ್ಷರಗಳು ಗುರುತು ಸಿಕ್ಕವು. ಅವು ಕೂಡಿಕೊಂಡು ಪದವಾಗಲಿಲ್ಲ. ಒಂದು ಸಾಲಿನಲ್ಲಿ ಒಂದು ಶಬ್ದ ಹೊಳೆದರೆ ಮುಂದಿನ ಸಾಲಿನಲ್ಲಿ ಅದೂ ಇಲ್ಲ. ಮೈಸೂರಿನಲ್ಲಿ ಬಾಯಿಪಾಠ ಬರುತ್ತಿದ್ದ ಪುಟ ಅದು. ಮೊದಲ ತರಗತಿಯ ಮಗು ಬಸ್ಸಿನ ಬೋರ್ಡು ಓದುವಂತೆ ಬೆರಳಿಟ್ಟು ಕೂಡಿಸುತ್ತ ಕೂತಳು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಗಂಟೆ ಕಳೆದಿತ್ತು, ಅದರ ಅರ್ಥವೂ ಆಗಿರಲಿಲ್ಲ. ಇಂಗ್ಲಿಷಿನದನ್ನು ಇಟ್ಟುಕೊಂಡು ಪಾಠ ಮಾಡಬಹುದಿತ್ತು. ಕೆವಿನ್ ಮಾಡಲಿಲ್ಲವೇ? ಆದರೆ ಅವಳ ಕೈಯಲ್ಲಿ ಆಗಲಿಲ್ಲ.

ಮೇಲೆ ಬಂದು, "ಕ್ಷಮಿಸಿ, ಆ ಪಾಠ ನನಗೆ ಬೇಡ. ನನಗೆ ಗ್ರೀಕ್ ಬರುವುದಿಲ್ಲ" ಎಂದಳು.

ಮಿಸೆಸ್ ಹಾಲೋವೇ ಅವಳ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟಳು. "ಅದಕ್ಕೆ ಯಾಕೆ ಅಷ್ಟು ಬೇಜಾರು ಮಾಡಿಕೊಳ್ಳುತ್ತೀರಿ? ನಿಮಗೆ ಬರುತ್ತದೆ ಎಂದು ನಾವು ಯಾರೂ ಅಂದುಕೊಂಡೇ ಇರಲಿಲ್ಲ."

"ಸರಿಯಾಗಿಯೇ ಅಂದುಕೊಂಡಿದ್ದೀರಿ" ಎಂದಳು ನಿರುಪಮಾ.