ಗೌರತ್ತೆ ಕೇಳಿದ ಕೊಲೆಯ ಕಥೆಗಳು

ಕೊಲೆಯ ಕಥೆ ಎಂದರೆ ಗೌರತ್ತೆಗೆ ಊಟ, ನಿದ್ರೆ ಯಾವುದೂ ಬೇಕಿರಲಿಲ್ಲ. ಅವಳು ನನ್ನ ಅಪ್ಪನ ತಂಗಿ. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಹೊಸಪೇಟೆಯ ನಮ್ಮ ಮನೆಗೆ ಬಂದವಳು. ಬಳ್ಳಾರಿಯಲ್ಲಿ ಮಾಸ್ತರನಾಗಿದ್ದ ನಾನು ರಜೆಗೆ ಬರುವಾಗ ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿ ತರುತ್ತಿದ್ದೆ. ಅವಳು ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತರೆ ನಾನು ಓದಿ ಕನ್ನಡದಲ್ಲಿ ಹೇಳಬೇಕು.

ಆ ಕಥೆಗಳಲ್ಲಿ ಯಾವಾಗಲೂ ಒಂದು ದೊಡ್ಡ ಬಂಗಲೆ, ಅದರ ತುಂಬ ನೆಂಟರು, ಬೀಗ ಹಾಕಿದ ಕೋಣೆಯಲ್ಲಿ ಯಜಮಾನನ ಹೆಣ. ಗೌರತ್ತೆಗೆ ಹೆಣಕ್ಕಿಂತ ಮನೆವಾರ್ತೆಯದೇ ಚಿಂತೆ. "ಅಷ್ಟು ಮಂದಿಗೆ ನೀರು ಕಾಸೋರು ಯಾರೋ? ಅಡಿಗಿಮನಿ ಮಾತ ಇಲ್ಲಲ್ಲ!" ಎಂದು ರೇಗುತ್ತಿದ್ದಳು. ಕೊಲೆಗಾರರನ್ನು ಹಿಡಿಯುವುದರಲ್ಲಿ ಮಾತ್ರ ನನಗಿಂತ ಚುರುಕು. "ಎದಿ ಬಡಕೊಂಡು ಅಳಾಕತ್ಯಾಳಲ್ಲ, ಆಕಿ ಮ್ಯಾಲೆ ಒಂದು ಕಣ್ಣಿಡು" ಎಂದರೆ, ಕೊನೆಗೆ ಆಕೆಯೇ ಸಿಕ್ಕಿಬೀಳುತ್ತಿದ್ದಳು.

ಅವಳ ಮಗಳು ನೀಲಮ್ಮ ಕಂಪ್ಲಿಯ ಗಂಡನ ಮನೆಯಲ್ಲಿ ಬಾವಿಗೆ ಬಿದ್ದು ಸತ್ತಳು. ಕಾಲು ಜಾರಿತು ಎಂದರು. ನಾವು ಗಾಡಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಮಣ್ಣು ಮಾಡಿಯೂ ಆಗಿತ್ತು. ಆಮೇಲೆ ಗೌರತ್ತೆ ಕಥೆ ಪೂರ್ತಿ ಕೇಳುವುದನ್ನೇ ಬಿಟ್ಟಳು. "ಆ ಪತ್ತೇದಾರ ಎಲ್ಲಾರನ್ನೂ ಒಂದ ಕಡಿ ಕುಂದ್ರಿಸಿ ಕೇಳ್ತಾನಲ್ಲ, ಅದನ್ನಷ್ಟ ಓದು" ಎನ್ನುತ್ತಿದ್ದಳು. ಓದಿದ್ದನ್ನೇ ಮತ್ತೆ ಓದಿಸುತ್ತಿದ್ದಳು.

ನೀಲಮ್ಮನ ವರ್ಷದ ತಿಥಿಯ ದಿನ ಕಂಪ್ಲಿಯಲ್ಲಿ ಬೀಗರ ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತರು. ಉಣ್ಣುವಾಗ ನಡುವೆ ಏಳುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನೇ ಗೌರತ್ತೆ ನೆಚ್ಚಿಕೊಂಡಿದ್ದಳು. ತುಪ್ಪದ ಗಿಂಡಿ ಹಿಡಿದು ನಡುವೆ ನಿಂತು ಮೆಲ್ಲಗೆ ಕೇಳಿದಳು: "ನನ್ನ ಮಗಳ ಸಂಗಾಟ ಬಾವಿ ಕಡಿಗೆ ಹೋದೋರು ಯಾರ್ರಿ?"

"ಒಬ್ಬಾಕೀನ ಹೋಗಿದ್ಲು ಅಂತ ಹೇಳೀವಲ್ಲವ್ವ. ಉಣ್ಣೋ ಹೊತ್ನ್ಯಾಗ ಯಾಕ ಅದು?" ಎಂದಳು ಅಳಿಯನ ತಾಯಿ. ಅಳಿಯ ತಲೆ ಎತ್ತದೆ, "ಸಾರು ಬಿಡ್ರಿ" ಎಂದ.

ವಾಪಸು ಬರುವಾಗ ಗಾಡಿಯಲ್ಲಿ ಗೌರತ್ತೆ ಅಳಲಿಲ್ಲ. "ನಿನ್ನ ಪುಸ್ತಕದಾಗ ಕೇಳಿದ ಕೂಡ್ಲೆ ಒಬ್ರಾದ್ರೂ ಬೆವರ್ತಾರ. ಇಲ್ಲೆ ಒಬ್ರ ಕೈಯೂ ನಿಲ್ಲಲಿಲ್ಲೋ ತಮ್ಮಾ" ಎಂದಳು.

ಕೆಲವು ವರ್ಷಗಳ ಮೇಲೆ ಜ್ವರ ಬಂದು ಅವಳೂ ಹೋದಳು. ಅವಳ ತಿಥಿಯ ಊಟಕ್ಕೆ ಅಳಿಯ ಒಬ್ಬನೇ ಬಂದಿದ್ದ. ಅವನ ಪರವಾಗಿ ಮಾತಾಡಲು ತಾಯಿ ಈಗ ಬದುಕಿರಲಿಲ್ಲ. ತುಪ್ಪ ಬಡಿಸುತ್ತಿದ್ದ ನಾನು ಅವನ ಎಲೆಯ ಮುಂದೆ ಬಗ್ಗಿ, ಗೌರತ್ತೆ ಕೇಳಿದ್ದನ್ನೇ ಕೇಳಿದೆ.

ಎತ್ತಿದ ತುತ್ತು ಎಲೆಗೆ ಬಿತ್ತು. ಪಂಕ್ತಿಯ ನಡುವಿನಿಂದ ಎದ್ದವನು ಎಂಜಲುಗೈಯಲ್ಲೇ ಬೀದಿಗಿಳಿದು ಹೋದ, ಹಿಂತಿರುಗಿ ನೋಡಲಿಲ್ಲ.

ಅದನ್ನು ನೋಡಲು ಅವಳಿರಬೇಕಿತ್ತು.